ಮಗನ ಸ್ಥಾನ: ಪೌಲನ ಒಂದು ಪದದ ಹಿನ್ನೆಲೆ

ಮನುಷ್ಯರು ದೇವರ ಮಕ್ಕಳಾಗುವುದನ್ನು ಹೊಸ ಒಡಂಬಡಿಕೆ ಎರಡು ಬಗೆಯಲ್ಲಿ ಹೇಳುತ್ತದೆ: ಯೋಹಾನನ ಹೆಸರಿನ ಬರಹಗಳು ಅದನ್ನು ಹೊಸ ಹುಟ್ಟು ಎಂದರೆ, ಪೌಲನ ಹೆಸರಿನ ಪತ್ರಗಳು ದತ್ತು ಸ್ವೀಕಾರ ಎನ್ನುತ್ತವೆ. ಅಲ್ಲಿರುವ ಗ್ರೀಕ್ ಪದ ‘ಹುಯೊಥೆಸಿಯ’, ಅಂದರೆ ಮಗನ ಸ್ಥಾನದಲ್ಲಿ ಇರಿಸುವುದು. ಅದು ಬರುವುದು ಐದೇ ಕಡೆ, ರೋಮಿನವರಿಗೆ ಬರೆದ ಪತ್ರದಲ್ಲಿ ಮೂರು ಸಲ, ಗಲಾತ್ಯದವರಿಗೂ ಎಫೆಸದವರಿಗೂ ಬರೆದ ಪತ್ರಗಳಲ್ಲಿ ಒಂದೊಂದು ಸಲ. ಇಸ್ರೇಲ್ ಜನಾಂಗವೇ ದೇವರ ಚೊಚ್ಚಲ ಮಗನೆಂಬ ಭಾವನೆ ಯೆಹೂದ್ಯರಲ್ಲಿ ಹಳೆಯದಾದರೂ ಮೋಶೆಯ ಧರ್ಮಶಾಸ್ತ್ರದಲ್ಲಿ ದತ್ತಕದ ವಿಧಿಯಿಲ್ಲದ ಕಾರಣ, ಈ ಪದದ ಕಾನೂನಿನ ಅರ್ಥವನ್ನು ಗ್ರೀಕ್-ರೋಮನ್ ಜಗತ್ತಿನಲ್ಲಿಯೇ ಹುಡುಕಬೇಕಾಗುತ್ತದೆ.

ದತ್ತು ಎಂದೊಡನೆ ಕನ್ನಡ ಓದುಗರಿಗೆ ಮಡಿಲಿಗೆ ಬರುವ ಎಳೆಗೂಸು ನೆನಪಾಗುವುದು ಸಹಜ, ಆದರೆ ರೋಮಿನ ಮೇಲ್ವರ್ಗದ ಮನೆಗಳಲ್ಲಿ ದತ್ತಾಗುತ್ತಿದ್ದವರು ಬಹುಪಾಲು ಬೆಳೆದ ಗಂಡಸರು. ಮಗನನ್ನು ಮೂರು ಸಲ ಮಾರಿದ ತಂದೆಗೆ ಅವನ ಮೇಲೆ ಅಧಿಕಾರವಿಲ್ಲ ಎಂಬ ‘ಹನ್ನೆರಡು ಫಲಕಗಳ’ ಹಳೆಯ ಕಾನೂನನ್ನೇ ಆಧರಿಸಿ, ಐವರು ನಾಗರಿಕರ ಸಾಕ್ಷಿಯಲ್ಲಿ, ತಕ್ಕಡಿ ಹಿಡಿದವನೊಬ್ಬನ ಎದುರು, ಕಂಚಿನ ತುಂಡಿನಿಂದ ತಕ್ಕಡಿಯನ್ನು ತಟ್ಟಿ ಮಗನ ಹುಸಿ ಮಾರಾಟ ನಡೆಯುತ್ತಿತ್ತು. ಮೂರನೆಯ ಮಾರಾಟದೊಂದಿಗೆ ಹಳೆಯ ಹಂಗು ಹರಿದ ಬಳಿಕ ಹೊಸ ತಂದೆ ನ್ಯಾಯಾಧಿಕಾರಿಯ ಮುಂದೆ ‘ಇವನು ನನ್ನ ಮಗ’ ಎಂದು ಹಕ್ಕು ಸಾಧಿಸುತ್ತಿದ್ದನು. ಚಕ್ರವರ್ತಿ ಅಗಸ್ಟಸ್ ಕ್ರಿ.ಶ. 4ರಲ್ಲಿ ತಿಬೇರಿಯಸನನ್ನು ಮಗನನ್ನಾಗಿಸಿಕೊಂಡಾಗ ಆ ‘ಮಗ’ನಿಗೆ 44 ವರ್ಷ. ಪೌಲನ ಪತ್ರ ಸುಮಾರು 57ರಲ್ಲಿ ರೋಮನ್ನು ತಲಪಿದಾಗ ಸಿಂಹಾಸನದಲ್ಲಿದ್ದ ನೀರೋ ಸಹ 50ರಲ್ಲಿ ಕ್ಲಾಡಿಯಸನಿಗೆ ದತ್ತಾಗಿದ್ದವನೇ ಆದ್ದರಿಂದ, ದತ್ತುಪುತ್ರನೆಂದರೆ ವಾರಸುದಾರ ಎಂಬುದನ್ನು ಅಲ್ಲಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಧರ್ಮಶಾಸ್ತ್ರಜ್ಞರು ದೇವರ ಮಕ್ಕಳಾಗುವ ಈ ದತ್ತನ್ನು ‘ನೀತೀಕರಣ’ದಿಂದ, ಅಂದರೆ ದೇವರು ಪಾಪಿಯನ್ನು ನಿರ್ದೋಷಿಯೆಂದು ಘೋಷಿಸುವುದರಿಂದ, ಬೇರ್ಪಡಿಸುತ್ತಾರೆ, ಬಿಡುಗಡೆಯಾದ ಆರೋಪಿಯನ್ನು ನ್ಯಾಯಾಧೀಶ ತನ್ನ ಮನೆಗೇ ಕರೆದೊಯ್ಯಬೇಕೆಂಬ ಕಟ್ಟಳೆ ಯಾವ ನ್ಯಾಯಾಲಯದಲ್ಲೂ ಇಲ್ಲವಷ್ಟೆ. 1646ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣವು ಈ ವಿಷಯಕ್ಕೆ ತನ್ನ 12ನೆಯ ಅಧ್ಯಾಯವನ್ನೇ ಮೀಸಲಿಟ್ಟಿತು. ಕ್ರಿಸ್ತನು ಸ್ವಭಾವದಿಂದಲೇ ಮಗ, ಉಳಿದವರು ಕೃಪೆಯಿಂದ ಮಕ್ಕಳು ಎಂಬ ಗೆರೆಯನ್ನು ಕ್ರೈಸ್ತ ಸಭೆ ಬಿಗಿಯಾಗಿ ಕಾಯ್ದುಕೊಂಡಿದೆ. ಕ್ರಿಸ್ತನನ್ನೂ ದತ್ತುಪುತ್ರನೆಂದ ಸ್ಪೇನಿನ ವಾದವನ್ನು 794ರ ಫ್ರಾಂಕ್‌ಫರ್ಟ್ ಸಭೆ ಖಂಡಿಸಿತು. ಆದರೂ ಯೇಸು ಪ್ರಾರ್ಥನೆಯಲ್ಲಿ ಬಳಸಿದ ‘ಅಬ್ಬಾ’ ಎಂಬ ಅರಾಮಿಕ್ ಕರೆಯನ್ನೇ ಪೌಲ ವಿಶ್ವಾಸಿಗಳ ಬಾಯಲ್ಲಿಯೂ ಇಡುತ್ತಾನೆ. ಅದು ಮಗುವಿನ ತೊದಲು ಎಂಬ ಜನಪ್ರಿಯ ವಿವರಣೆಯನ್ನು ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ 1988ರಲ್ಲಿ ಅಲ್ಲಗಳೆದರು. ಬೆಳೆದ ಮಕ್ಕಳೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರು.

ರೋಮಿನಲ್ಲಿ ದತ್ತುಪುತ್ರನನ್ನು ಹೊರಹಾಕುವಂತಿರಲಿಲ್ಲ ಎಂದು ಪ್ರಸಂಗಿಗಳು ಹೇಳುವುದುಂಟು, ಅದು ಸರಿಯಲ್ಲ: ತಿಬೇರಿಯಸನೊಂದಿಗೆ ಅದೇ ವರ್ಷ ದತ್ತಾದ ಅಗ್ರಿಪ್ಪ ಪೋಸ್ತುಮಸನನ್ನು ಅಗಸ್ಟಸ್ ಕೆಲವೇ ವರ್ಷಗಳಲ್ಲಿ ದೂರಮಾಡಿ ದ್ವೀಪವೊಂದಕ್ಕೆ ಅಟ್ಟಿದನು. ಹೀಗಾಗಿ ಈ ಸಂಬಂಧ ಮುರಿಯದೆಂಬ ಭರವಸೆಗೆ ಪೌಲನಲ್ಲಿ ಆಧಾರವಾಗಿರುವುದು ರೋಮಿನ ಕಾನೂನಲ್ಲ, ದತ್ತು ತೆಗೆದುಕೊಳ್ಳುವವನ ಗುಣ. ಇನ್ನೂ ಒಂದು ತೊಡಕಿದೆ: ರೋಮಿನ ಪತ್ರದ 8ನೆಯ ಅಧ್ಯಾಯದ 15ನೆಯ ವಚನದಲ್ಲಿ ದತ್ತುಮಕ್ಕಳ ಆತ್ಮ ದೊರೆತಾಗಿದೆ ಎನ್ನುವ ಪೌಲ, 23ನೆಯ ವಚನದಲ್ಲಿ ಅದೇ ದತ್ತಿಗಾಗಿ ನರಳುತ್ತಾ ಕಾಯುವ ಮಾತಾಡುತ್ತಾನೆ, ಏಕೆಂದರೆ ಅವನ ಲೆಕ್ಕದಲ್ಲಿ ಸಾಯುವ ದೇಹಕ್ಕೂ ಬಿಡುಗಡೆಯಾಗುವವರೆಗೆ ಮಗನ ಸ್ಥಾನ ಪೂರ್ತಿಯಾಗುವುದಿಲ್ಲ.