ಉಣ್ಣಲೊಲ್ಲದ ಮಗು: ಹಟವೋ, ಕಾಯಿಲೆಯೋ?

ದಿನಕ್ಕೆ 2000 ಕಿಲೋಕ್ಯಾಲರಿ ಶಕ್ತಿ ಬಳಸುವ ದೇಹವೊಂದನ್ನು ಊಹಿಸಿಕೊಳ್ಳಿ. ಅದನ್ನು ಒಂದು ದಿನದ ಸೆಕೆಂಡುಗಳಿಗೆ ಹಂಚಿದರೆ ಸುಮಾರು 97 ವಾಟ್ ಆಗುತ್ತದೆ. ಅಂದರೆ ಹಳೆಯ 100 ವಾಟ್ ಬಲ್ಬೊಂದು ಹಗಲಿರುಳು ಉರಿದಂತೆ. ಈ ಪೂರೈಕೆ ಅರ್ಧಕ್ಕಿಳಿದರೆ ಏನಾಗುತ್ತದೆ?

1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿದರು. ತಾವಾಗಿಯೇ ಮುಂದೆ ಬಂದ 36 ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಲಾಯಿತು. ಅವರ ತೂಕ ಕಾಲು ಭಾಗದಷ್ಟು ಇಳಿಯಿತು, ನಾಡಿ ನಿಧಾನವಾಯಿತು. ಜೊತೆಗೆ ಖಿನ್ನತೆ, ಸಿಡುಕು, ಒಂಟಿಯಾಗಿರುವ ಬಯಕೆ, ಸದಾ ಊಟದ್ದೇ ಧ್ಯಾನ ಕಾಣಿಸಿಕೊಂಡವು. ಹಸಿವೇ ಅವರ ಮನಸ್ಸನ್ನೂ ಬದಲಿಸಿತ್ತು. ಆಹಾರಸೇವನೆಯ ಕಾಯಿಲೆಗಳನ್ನು ತಿಳಿಯಲು ಇದು ಒಂದು ಮುಖ್ಯ ಕೀಲಿಕೈ.

ಇವುಗಳಲ್ಲಿ ಮೂರು ಪ್ರಮುಖವಾದವು. ಊಟವನ್ನು ತೀರಾ ಕಡಿಮೆ ಮಾಡಿ ಕೃಶವಾಗುವುದು ಅನೊರೆಕ್ಸಿಯ ನರ್ವೋಸ. ಮಿತಿಮೀರಿ ತಿಂದು, ಅನಂತರ ವಾಂತಿ ಮುಂತಾದ ಉಪಾಯಗಳಿಂದ ಹೊರಹಾಕುವುದು ಬುಲೀಮಿಯ. ಹಾಗೆ ಹೊರಹಾಕದೆ, ತಡೆಯಲಾಗದಂತೆ ಮತ್ತೆ ಮತ್ತೆ ಅತಿಯಾಗಿ ತಿನ್ನುವುದು ಮೂರನೆಯದು. ಅನುವಂಶೀಯತೆ, ಆತಂಕದ ಸ್ವಭಾವ, ಮೈಕಟ್ಟಿನ ಬಗೆಗಿನ ಹೀಯಾಳಿಕೆ ಇವೆಲ್ಲ ಸೇರಿ ಕಾಯಿಲೆಗೆ ದಾರಿಮಾಡುತ್ತವೆ. ಹುಡುಗರೂ ಇದಕ್ಕೆ ಹೊರತಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಶಾಲೆಯಲ್ಲಿ ಮಗು ಸೊರಗಿದ್ದರೆ ನಾವು ನೆನೆಯುವುದು ಬಡತನ, ರಕ್ತಹೀನತೆ, ಜಂತುಹುಳು ಅಥವಾ ಕ್ಷಯವನ್ನು. ಅವುಗಳ ಪರೀಕ್ಷೆ ಆಗಲೇಬೇಕು. ಆದರೆ ಮನೆಯಲ್ಲಿ ರೊಟ್ಟಿ-ಪಲ್ಯ ಇದ್ದೂ ಉಣ್ಣದ ಮಗುವೂ ಇರಬಹುದು. ನಮ್ಮ ದೇಶದ ರೋಗಿಗಳಲ್ಲಿ ಹಲವರು 'ದಪ್ಪಗಾಗುತ್ತೇನೆ' ಎನ್ನುವುದಿಲ್ಲ. 'ಹೊಟ್ಟೆ ಉಬ್ಬರ', 'ಹಸಿವಿಲ್ಲ', 'ಇಂದು ಉಪವಾಸ' ಎನ್ನುತ್ತಾರೆ. ಶ್ರಾವಣ ಸೋಮವಾರದ ಒಪ್ಪತ್ತು ಮರುದಿನಕ್ಕೆ ಮುಗಿಯುತ್ತದೆ. ಕಾಯಿಲೆಯ ಉಪವಾಸ ಮುಗಿಯುವುದಿಲ್ಲ. ಬುತ್ತಿಯನ್ನು ದಿನವೂ ಗೆಳತಿಯರಿಗೆ ಹಂಚುವುದು, ಮುಟ್ಟು ನಿಲ್ಲುವುದು, ತಲೆಸುತ್ತು, ಉಂಡ ಕೂಡಲೇ ಬಚ್ಚಲಿಗೆ ಹೋಗುವುದು ಇವು ಶಿಕ್ಷಕರು ಗಮನಿಸಬೇಕಾದ ಸೂಚನೆಗಳು.

ಚಿಕಿತ್ಸೆ ಹೇಗೆ? ಅನೊರೆಕ್ಸಿಯದಲ್ಲಿ ಆಹಾರವೇ ಮೊದಲ ಔಷಧ. ಮೆದುಳಿಗೆ ಪೋಷಣೆ ಸಿಗದೆ ಬರಿಯ ಬುದ್ಧಿಮಾತು ನಾಟುವುದಿಲ್ಲ. ಆದರೆ ತೀರಾ ಸೊರಗಿದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದು ಅಪಾಯ. ಆಗ ಏರುವ ಇನ್ಸುಲಿನ್ ರಕ್ತದಲ್ಲಿರುವ ಫಾಸ್ಫೇಟನ್ನು ಜೀವಕೋಶಗಳೊಳಕ್ಕೆ ತಳ್ಳುತ್ತದೆ. ರಕ್ತದಲ್ಲಿ ಅದರ ಮಟ್ಟ ಕುಸಿದು ಹೃದಯ, ಉಸಿರಾಟಗಳಿಗೆ ಧಕ್ಕೆಯಾಗಬಹುದು. ಆದ್ದರಿಂದ ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಆಹಾರ ಹೆಚ್ಚಿಸಬೇಕು. ಪದೇಪದೇ ವಾಂತಿಯಾದರೆ ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪುವ ಭಯವಿದೆ.

ಹದಿಹರೆಯದವರಿಗೆ ಕುಟುಂಬವೇ ಕೇಂದ್ರವಾದ ಚಿಕಿತ್ಸೆಯಿದೆ. ಮೊದಲು ತಂದೆತಾಯಿ ಊಟದ ಹೊಣೆ ಹೊರುತ್ತಾರೆ. ಚೇತರಿಸಿದಂತೆ ಅದನ್ನು ಮಗುವಿಗೆ ಮರಳಿಸುತ್ತಾರೆ. ಬುಲೀಮಿಯಕ್ಕೆ ಆಲೋಚನೆ ಮತ್ತು ವರ್ತನೆಗಳನ್ನು ತಿದ್ದುವ ಮನೋಚಿಕಿತ್ಸೆ ಫಲಕಾರಿ. ಕೆಲವರಿಗೆ ಫ್ಲುಆಕ್ಸಿಟೀನ್ ಮಾತ್ರೆಯನ್ನೂ ವೈದ್ಯರು ಕೊಡುತ್ತಾರೆ.

ನೆರವು ದೂರವಿಲ್ಲ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಮನೋವೈದ್ಯರು ಬರುವ ದಿನವನ್ನು ಅಲ್ಲಿಯೇ ಕೇಳಿಕೊಳ್ಳಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗು ಮೂರ್ಛೆ ಹೋದರೆ ಅಥವಾ ಎದೆಬಡಿತ ಏರುಪೇರಾದರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಈ ಕಾಯಿಲೆಗಳು ಜೀವಕ್ಕೇ ಎರವಾಗಬಲ್ಲವು. ಬೇಗ ಗುರುತಿಸಿದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು. ಮಗುವಿನ ಮೈಕಟ್ಟಿನ ಬಗ್ಗೆ ತರಗತಿಯಲ್ಲಿ ಆಡುವ ಒಂದು ಕುಹಕದ ಮಾತನ್ನು ನುಂಗಿಕೊಳ್ಳೋಣ. 'ಹಟಮಾರಿ' ಎಂದು ಗದರುವ ಬದಲು ಪಕ್ಕಕ್ಕೆ ಕರೆದು 'ಯಾಕವ್ವಾ, ಊಟ ಸೇರವಲ್ದೇನು?' ಎಂದು ಕೇಳೋಣ. ಚಿಕಿತ್ಸೆ ಅಲ್ಲಿಂದಲೇ ಆರಂಭವಾಗಬಹುದು.