ಹತ್ತು ಸಾವಿರ ಅಡಿಯ ಕೆಳಗೆ ಹರಟೆ ಸಲ್ಲದು

ಮುಗಿಲ ಮೇಲೆ ನೆಟ್ಟಗೆ ಸಾಗುವಾಗ ವಿಮಾನಚಾಲಕರಿಗೆ ತುಸು ಬಿಡುವುಂಟು. ಕಾಫಿಗೂ ಹರಟೆಗೂ ಅಲ್ಲಿ ಎಡೆಯುಂಟು. ಇಳಿಯತೊಡಗಿದ ಮೇಲೆ ಹಾಗಲ್ಲ. ವೇಗವನ್ನು ತಗ್ಗಿಸಬೇಕು, ಗಾಲಿಗಳನ್ನು ಇಳಿಬಿಡಬೇಕು, ನಿಯಂತ್ರಣ ಕೇಂದ್ರದ ಆದೇಶಗಳಿಗೆ ಓಗೊಡಬೇಕು. ಎಲ್ಲಕ್ಕೂ ಮಿಗಿಲಾಗಿ, ನೆಲ ಎಷ್ಟು ಕೆಳಗಿದೆಯೆಂಬುದನ್ನು ಕ್ಷಣಕ್ಷಣಕ್ಕೂ ಅರಿತಿರಬೇಕು. ಅಂಥ ಹೊತ್ತಿನಲ್ಲಿ ಗಮನ ಬೇರೆಡೆಗೆ ಹರಿದರೆ ಏನಾದೀತೆಂಬುದಕ್ಕೆ ಅಮೆರಿಕದ ಎರಡು ದುರಂತಗಳು ಸಾಕ್ಷಿಯಾಗಿವೆ.

1972ರ ಡಿಸೆಂಬರ್ 29ರ ರಾತ್ರಿ. ನ್ಯೂಯಾರ್ಕಿನಿಂದ ಹೊರಟ ಈಸ್ಟರ್ನ್ ಏರ್‌ಲೈನ್ಸಿನ 401ನೆಯ ವಿಮಾನ 176 ಜನರೊಡನೆ ಮಯಾಮಿಯನ್ನು ಸಮೀಪಿಸಿತ್ತು. ಮುಂಭಾಗದ ಗಾಲಿ ಸರಿಯಾಗಿ ಇಳಿದಿದೆಯೆಂದು ತಿಳಿಸುವ ಹಸಿರು ದೀಪ ಹೊತ್ತಲಿಲ್ಲ. ಚಾಲಕರು ಇಳಿಯುವುದನ್ನು ಕೈಬಿಟ್ಟು 2,000 ಅಡಿಗೇರಿದರು. ವಿಮಾನವನ್ನು ಸ್ವಯಂಚಾಲಕ ಯಂತ್ರಕ್ಕೊಪ್ಪಿಸಿ ದೀಪದ ಪರೀಕ್ಷೆಗೆ ತೊಡಗಿದರು. ಗಾಲಿಯನ್ನು ಕಣ್ಣಾರೆ ಕಾಣಲೆಂದು ಎಂಜಿನಿಯರು ಕೆಳಗಿನ ಕೋಣೆಗಿಳಿದರು. ಅಷ್ಟರಲ್ಲಿ, ಎತ್ತರವನ್ನು ಕಾಯುತ್ತಿದ್ದ ಯಂತ್ರದ ಹಿಡಿತ ಯಾರಿಗೂ ತಿಳಿಯದಂತೆ ತಪ್ಪಿತು. ವಿಮಾನ ಮೆಲ್ಲಮೆಲ್ಲನೆ ಕೆಳಗೆ ಸರಿಯಿತು. ಎಚ್ಚರಿಕೆಯ ಸದ್ದಾದರೂ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಎವರ್‌ಗ್ಲೇಡ್ಸ್ ಜೌಗುನೆಲಕ್ಕೆ ಅದು ಅಪ್ಪಳಿಸಿದಾಗ 101 ಜನರ ಪ್ರಾಣ ಹೋಯಿತು. ಕೆಟ್ಟಿದ್ದುದು ಗಾಲಿಯಲ್ಲ, ಬರಿಯ ಬಲ್ಬು!

ಎರಡು ವರ್ಷ ತುಂಬುವ ಮೊದಲೇ, 1974ರ ಸೆಪ್ಟೆಂಬರ್ 11ರ ಬೆಳಿಗ್ಗೆ, ಅದೇ ಸಂಸ್ಥೆಯ 212ನೆಯ ವಿಮಾನ ಮಂಜು ಮುಸುಕಿದ ಷಾರ್ಲಟ್ ನಗರದಲ್ಲಿ ಇಳಿಯಲು ಹೊರಟಿತು. ಆಗ ಚಾಲಕರಿಬ್ಬರೂ ರಾಜಕೀಯದಿಂದ ಹಿಡಿದು ಹಳೆಯ ಕಾರುಗಳವರೆಗೆ ಹರಟುತ್ತಿದ್ದರೆಂಬುದು ಧ್ವನಿಮುದ್ರಣದಿಂದ ಹೊರಬಿದ್ದಿತು. ನೆಲದಿಂದ 1,000 ಅಡಿಯಲ್ಲಿ ಮೊಳಗಿದ ಎಚ್ಚರಿಕೆಯೂ ಅವರನ್ನು ಎಚ್ಚರಿಸಲಿಲ್ಲ. ರನ್‌ವೇ ಇನ್ನೂ ಮೂರು ಮೈಲಿ ದೂರವಿರುವಾಗಲೇ ವಿಮಾನ ನೆಲಕ್ಕೆ ಬಡಿಯಿತು. ಅದರಲ್ಲಿದ್ದ 82 ಜನರಲ್ಲಿ 72 ಜನ ಅಸುನೀಗಿದರು.

ಮೊದಲನೆಯದರಲ್ಲಿ ಗಮನವನ್ನು ಕದ್ದುದು ಕೆಲಸ, ಎರಡನೆಯದರಲ್ಲಿ ಹರಟೆ. ಚಾಲಕರು ಅನನುಭವಿಗಳೇನೂ ಆಗಿರಲಿಲ್ಲ. ಆದರೆ ಮನುಷ್ಯನ ಗಮನ ಒಂದರಲ್ಲಿ ನೆಟ್ಟಾಗ ಮತ್ತೊಂದು ಕಣ್ಣೆದುರಿಗಿದ್ದರೂ ಕಾಣದು. ಎತ್ತರಮಾಪಕದ ಮುಳ್ಳು ಎಲ್ಲರ ಮುಂದೆಯೇ ಇಳಿಯುತ್ತಿತ್ತು, ನೋಡುವವರಿರಲಿಲ್ಲ.

ಇಂಥ ಅನುಭವಗಳಿಂದ ಪಾಠ ಕಲಿತ ಅಮೆರಿಕದ ವಿಮಾನಯಾನ ಆಡಳಿತವು 1981ರಲ್ಲಿ ಒಂದು ನಿಯಮವನ್ನು ತಂದಿತು. ವಿಮಾನ ಹೊರಡುವಾಗ, ಇಳಿಯುವಾಗ, ಮತ್ತು ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗೆ ಹಾರುವಾಗಲೆಲ್ಲ ಚಾಲಕರು ಸುರಕ್ಷತೆಗೆ ಬೇಕಾದ ಕೆಲಸವನ್ನಲ್ಲದೆ ಬೇರೇನನ್ನೂ ಮಾಡಕೂಡದು. ಊಟ, ಹರಟೆ, ಪತ್ರಿಕೆಯ ಓದು ನಿಷಿದ್ಧ. ಕಿಟಕಿಯಾಚೆಯ ನೋಟಗಳನ್ನು ಪ್ರಯಾಣಿಕರಿಗೆ ಬಣ್ಣಿಸುವುದೂ ನಿಷಿದ್ಧ. ಅನಂತರ ಇತರ ದೇಶಗಳೂ ಇಂಥ ಕಟ್ಟುಪಾಡನ್ನು ಅಳವಡಿಸಿಕೊಂಡವು.

ಆದರೆ ನಿಯಮ ತಡೆಯುವುದು ಬೇಡದ ಮಾತನ್ನು ಮಾತ್ರ, ಬೇಕಾದ ಮಾತನ್ನಲ್ಲ. 1989ರ ಜನವರಿ 8ರಂದು ಇಂಗ್ಲೆಂಡಿನಲ್ಲಿ ಒಂದು ಬೋಯಿಂಗ್ ವಿಮಾನದ ಎಡ ಎಂಜಿನ್ ಕೆಟ್ಟಿತು. ಚಾಲಕರು ಬಲದ್ದನ್ನು ನಿಲ್ಲಿಸಿಬಿಟ್ಟರು. ಎಡಗಡೆಯ ಬೆಂಕಿಯನ್ನು ಪ್ರಯಾಣಿಕರೂ ಕೆಲವು ಪರಿಚಾರಕರೂ ಕಂಡಿದ್ದರು. ಆ ಸುದ್ದಿ ಚಾಲಕರನ್ನು ಮುಟ್ಟಲಿಲ್ಲ. ಇಳಿಯುವ ನಡುವೆ ಚಾಲಕರು ನಡೆದುದನ್ನು ಮತ್ತೆ ಪರಿಶೀಲಿಸಲು ಹೊರಟಾಗ ರೇಡಿಯೋ ಕರೆ ಬಂದು ಆ ಮಾತು ಅಲ್ಲಿಗೇ ನಿಂತಿತು. ಕೆಗ್ವರ್ತ್ ಹಳ್ಳಿಯ ಬಳಿ 47 ಜನ ಮಡಿದರು.

ಇಳಿಯುವ ಹೊತ್ತಿಗೆ ಚಾಲಕರ ದನಿ ಕೇಳಿಬರದಿದ್ದರೆ ಅದನ್ನು ಉದಾಸೀನವೆಂದು ಬಗೆಯಬೇಕಾಗಿಲ್ಲ. ಬಾಗಿಲಿನಾಚೆ ಇಬ್ಬರು ತಮ್ಮ ಗಮನವನ್ನೆಲ್ಲ ನೆಲದ ಕಡೆಗೆ ನೆಟ್ಟು ಕುಳಿತಿರುತ್ತಾರೆ.