ಬೋರಿನ ನೀರು, ಮಕ್ಕಳ ಹಲ್ಲು

ತುಮಕೂರಿನಿಂದ ಉತ್ತರಕ್ಕೆ, ಕೋರ ದಾಟಿ ಶಿರಾ, ಪಾವಗಡದ ಕಡೆ ಹೊರಟರೆ ಊರೂರಲ್ಲೂ ಶುದ್ಧ ನೀರಿನ ಘಟಕದ ಮುಂದೆ ಬೈಕಿಗೆ ಕ್ಯಾನ್ ಕಟ್ಟಿಕೊಂಡವರು ಸಿಗುತ್ತಾರೆ. ಮನೆ ಮುಂದೆ ನಲ್ಲಿ ಇದ್ದರೂ ಕುಡಿಯಲು ಈ ನೀರೇ ಬೇಕು. ಕಾರಣ ಫ್ಲೋರೈಡ್.

ಹಿಂದೆ ಈ ಸೀಮೆ ಕುಡಿಯುತ್ತಿದ್ದುದು ಕೆರೆ ಕೆಳಗಿನ ಸೇದೋ ಬಾವಿಯ ನೀರು. ಇಂಗಿದ ಮಳೆನೀರು ಬೇಗ ಮೇಲೆ ಬರುತ್ತಿತ್ತು. ಕೆರೆ ಬತ್ತಿತು, ಬಾವಿ ಒಣಗಿತು, ಬೋರು ನೂರಾರು ಅಡಿ ಇಳಿಯಿತು. ಇಲ್ಲಿನ ಗ್ರಾನೈಟ್, ನೈಸ್ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡ್ ಇದೆ. ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಅದು ಕರಗಿ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅಪಾಯ.

ಅಮೆರಿಕದ ಕೊಲರಾಡೊದಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ 1901ರಲ್ಲೇ ಜನರ ಕಂದು ಹಲ್ಲು ಗಮನಿಸಿದ್ದರು. ಅದಕ್ಕೆ ನೀರಿನ ಫ್ಲೋರೈಡೇ ಮೂಲವೆಂದು ತಿಳಿದದ್ದು 1931ರಲ್ಲಿ. ನಮ್ಮ ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಬಗ್ಗದೆ, ಕುತ್ತಿಗೆ ತಿರುಗದೆ ನರಳುತ್ತಿದ್ದವರ ಕಾಯಿಲೆಗೂ ಫ್ಲೋರೈಡೇ ಕಾರಣ ಎಂದು ವೈದ್ಯರು ವರದಿ ಮಾಡಿದ್ದು 1937ರಲ್ಲಿ.

ಫ್ಲೋರೈಡ್ ತರುವ ಈ ಕಾಯಿಲೆಯೇ ಫ್ಲೋರೋಸಿಸ್. ಹಲ್ಲಿನಲ್ಲಿ ಅದು ಮೊದಲು ಸುಣ್ಣ ಹಚ್ಚಿದಂತೆ ಬಿಳಿ ಮಚ್ಚೆಯಾಗಿ ತೋರುತ್ತದೆ. ಜಾಸ್ತಿಯಾದರೆ ಅಡ್ಡಡ್ಡ ಕಂದು ಗೆರೆ, ಸಣ್ಣ ಗುಳಿ. ಎಷ್ಟು ಉಜ್ಜಿದರೂ ಹೋಗದು. ವಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ, ಸುಮಾರು ಎಂಟು ವರ್ಷದೊಳಗೆ, ಕಲೆ ಕೂತಿರುತ್ತದೆ. ಇಂಥ ಮಗುವಿಗೆ ‘ಹಲ್ಲುಜ್ಜಲ್ವಾ?’ ಎಂದು ಗದರುವುದು ಅನ್ಯಾಯ. ದೊಡ್ಡವರಲ್ಲಿ ಕಾಯಿಲೆ ಮೂಳೆಗಿಳಿದರೆ ಸೊಂಟ, ಮಂಡಿ ಬಿಗಿಯುತ್ತವೆ. ವಾತವೆಂದು ಮಾತ್ರೆ ನುಂಗುತ್ತಾ ಅದೇ ನೀರು ಕುಡಿಯುವವರಿದ್ದಾರೆ. ಒಮ್ಮೆ ಕೂತ ಹಾನಿಯನ್ನು ಅಳಿಸುವ ಔಷಧಿ ಇಲ್ಲ, ನೀರು ಬದಲಾಯಿಸಬೇಕು. ಹಾಲು, ರಾಗಿ, ನೆಲ್ಲಿಕಾಯಿಯಂಥ ಸುಣ್ಣದಂಶ, ವಿಟಮಿನ್ ಸಿ ಇರುವ ಊಟ ಒಂದಷ್ಟು ಕಾಪಾಡುತ್ತದೆ.

ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ 1970ರ ದಶಕದಲ್ಲಿ ಪಟಿಕ, ಸುಣ್ಣ ಬೆರೆಸಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನ ರೂಪಿಸಿತು. ಅಗ್ಗ ನಿಜ, ಆದರೆ ನೀರಿಗೆ ತಕ್ಕಂತೆ ಪಟಿಕದ ಅಳತೆ ನೋಡಿಕೊಳ್ಳಬೇಕು. ಈಗಿನ ಘಟಕಗಳಲ್ಲಿ ನೀರನ್ನು ತೆಳು ಪೊರೆಯಲ್ಲಿ (ಮೆಂಬ್ರೇನ್) ಸೋಸುವ ಆರ್‌ಒ ಬಂದಿದೆ. ಅದರ ಮೆಂಬ್ರೇನನ್ನು ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಕ್ಯಾನಿಗೆ ಮತ್ತೆ ಫ್ಲೋರೈಡ್ ನೀರೇ ಬರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಅಡುಗೆಮನೆ. ಕ್ಯಾನಿನ ನೀರನ್ನು ಕುಡಿಯಲು ಎತ್ತಿಟ್ಟು, ಮುದ್ದೆಗೆ ಎಸರಿಡುವುದು ಬೋರಿನ ನೀರಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಎಂಟರೊಳಗಿನ ಮಕ್ಕಳಿರುವ ಮನೆಯಲ್ಲಿ, ಅಂಗನವಾಡಿಯಲ್ಲಿ ಎಸರಿಗೂ ಆ ಕ್ಯಾನಿನ ನೀರೇ ಬೀಳಬೇಕು.